ಥಿಯೇಟರ್‌ನಿಂದ ಐಸಿಯುಗೆ: ಸರ್ಜಿಕಲ್ ಕ್ರಿಟಿಕಲ್ ಕೇರ್ ಫೆಲೋಶಿಪ್ ಮುಗಿಸಿದ ಮೇಲೆ

ಹೋದ ವಾರ ಅಮೆರಿಕದಲ್ಲಿ ಸರ್ಜಿಕಲ್ ಕ್ರಿಟಿಕಲ್ ಕೇರ್‌ನ, ಅಂದರೆ ಸರ್ಜರಿ ರೋಗಿಗಳ ತೀವ್ರ ನಿಗಾ ಚಿಕಿತ್ಸೆಯ, ಬೋರ್ಡ್ ಪರೀಕ್ಷೆ ಬರೆದು ಬಂದೆ. ಫಲಿತಾಂಶ ಇನ್ನೂ ಬಂದಿಲ್ಲ. ಈ ಫೆಲೋಶಿಪ್‌ನ, ಅಂದರೆ ಸ್ನಾತಕೋತ್ತರ ತರಬೇತಿಯ ಮೇಲಿನ ವಿಶೇಷ ತರಬೇತಿಯ, ಅರ್ಜಿಗೆ ಮೊದಲ ಕಾಗದ ಜೋಡಿಸಿದ ದಿನದಿಂದ ಲೆಕ್ಕ ಹಾಕಿದರೆ ಇಲ್ಲಿಗೆ ಎರಡೂವರೆ ವರ್ಷ. ಹುಬ್ಬಳ್ಳಿ, ದಾವಣಗೆರೆ, ಮೈಸೂರಿನ ಕಿರಿಯರು ಆಗಾಗ ಫೋನ್ ಮಾಡಿ ಇದೇ ದಾರಿಯ ಬಗ್ಗೆ ಕೇಳುತ್ತಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳಿ ಸಾಕಾಗಿದೆ, ಅರ್ಧ ವಿಷಯ ಮರೆತೂ ಹೋಗುತ್ತದೆ. ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯವಳು. ಎಂಬಿಬಿಎಸ್ ಮಾಡಿದ್ದು ಕರ್ನಾಟಕದಲ್ಲಿ, ಜನರಲ್ ಸರ್ಜರಿ ರೆಸಿಡೆನ್ಸಿ (ನಮ್ಮ ಎಂಎಸ್‌ನಂಥ ತರಬೇತಿ) ಅಮೆರಿಕದಲ್ಲಿ. ಹೌಸ್‌ಸರ್ಜನ್ ಆಗಿದ್ದಾಗ ನನಗೆ ಐಸಿಯು ಅಂದರೆ ಅನಸ್ತೇಷಿಯಾದವರ ಜಾಗ. ಆಪರೇಷನ್ ಮುಗಿಸಿ ರೋಗಿಯನ್ನು ಅಲ್ಲಿಗೆ ಕಳಿಸಿದರೆ ಸರ್ಜನ್‌ನ ದೊಡ್ಡ ಕೆಲಸ ಮುಗಿಯಿತು ಎಂದೇ ತಿಳಿದಿದ್ದೆ. ಇಲ್ಲಿ ಬಂದು ನೋಡಿದರೆ ಟ್ರಾಮಾ ಸೆಂಟರಿನ, ಅಂದರೆ ಅಪಘಾತದ ಗಾಯಾಳುಗಳ ಆಸ್ಪತ್ರೆಯ, ಐಸಿಯು ನಡೆಸುತ್ತಿದ್ದವರು ಸರ್ಜನ್‌ಗಳೇ. ರಾತ್ರಿ ಹೊಟ್ಟೆ ತೆರೆದವರೇ ಬೆಳಿಗ್ಗೆ ವೆಂಟಿಲೇಟರ್ ಮುಂದೆ ನಿಂತು ಅದರ ಅಲೆಗಳನ್ನು ಓದುತ್ತಿದ್ದರು. ಅದು ನನ್ನನ್ನು ಹಿಡಿದುಕೊಂಡಿತು.

ದಾರಿ ಯಾರಿಗೆ ತೆರೆದಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಕ್ರಿಟಿಕಲ್ ಕೇರ್ ಒಂದೇ ಬಾಗಿಲಿನ ಮನೆಯಲ್ಲ. ಇಂಟರ್ನಲ್ ಮೆಡಿಸಿನ್ ಮಾಡಿದವರು ಸಾಮಾನ್ಯವಾಗಿ ಪಲ್ಮನರಿ ಜೊತೆ ಸೇರಿಸಿ 3 ವರ್ಷ ಮಾಡುತ್ತಾರೆ. ಅನಸ್ತೇಷಿಯಾದವರಿಗೆ ಅವರದೇ 1 ವರ್ಷದ ಫೆಲೋಶಿಪ್ ಇದೆ. ಸರ್ಜಿಕಲ್ ಕ್ರಿಟಿಕಲ್ ಕೇರ್ ಎನ್ನುವುದು ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಸರ್ಟಿಫಿಕೇಟಿಗೆ ಒಯ್ಯುವ 1 ವರ್ಷದ ತರಬೇತಿ. ಜನರಲ್ ಸರ್ಜರಿಯಲ್ಲಿ ಕನಿಷ್ಠ 3 ವರ್ಷ ಮುಗಿಸಿದವರು ಸೇರಬಹುದು, ಹೆಚ್ಚಿನವರು 5 ವರ್ಷ ಮುಗಿಸಿಯೇ ಬರುತ್ತಾರೆ. ಎಮರ್ಜೆನ್ಸಿ ಮೆಡಿಸಿನ್ ಮಾಡಿದವರಿಗೂ ಇಲ್ಲಿ ಜಾಗವಿದೆ, ಆದರೆ ಅವರು ಮೊದಲು ಒಂದು ವರ್ಷ ಸರ್ಜರಿ ವಿಭಾಗದಲ್ಲಿ ದುಡಿದು ಆಮೇಲೆ ಫೆಲೋಶಿಪ್ ವರ್ಷಕ್ಕೆ ಬರಬೇಕು. ನನ್ನ ಜೊತೆಗಿದ್ದ ಇನ್ನೊಬ್ಬ ಫೆಲೋ ಹಾಗೆಯೇ ಬಂದವನು. ಏರ್‌ವೇ ಕೈಚಳಕ ಅವನಿಂದ ನಾನು ಕಲಿತೆ, ಗಾಯ ನೋಡುವುದನ್ನು ನನ್ನಿಂದ ಅವನು.

ಇದರ ಜೊತೆಗೆ ಅಕ್ಯೂಟ್ ಕೇರ್ ಸರ್ಜರಿ ಎಂಬ 2 ವರ್ಷದ ಫೆಲೋಶಿಪ್ ಕೂಡ ಇದೆ. ಅದರಲ್ಲಿ ಒಂದು ವರ್ಷ ಕ್ರಿಟಿಕಲ್ ಕೇರ್, ಇನ್ನೊಂದು ವರ್ಷ ಟ್ರಾಮಾ ಮತ್ತು ತುರ್ತು ಶಸ್ತ್ರಚಿಕಿತ್ಸೆ. ನನ್ನ ಮನಸ್ಸು ಇದ್ದದ್ದು ಅದರ ಮೇಲೆ. ಆಗಲಿಲ್ಲ. ಕಾರಣ ನನ್ನ ಅರ್ಹತೆಯಲ್ಲ, ಕ್ಯಾಲೆಂಡರು. ಜೆ-1 ವೀಸಾದ ವೈದ್ಯರಿಗೆ ತರಬೇತಿಯ ಒಟ್ಟು ಮಿತಿ 7 ವರ್ಷ. ನಾನು ಮೊದಲು 1 ವರ್ಷ ಪ್ರಿಲಿಮಿನರಿ, ಅಂದರೆ ಮುಂದಿನ ವರ್ಷದ ಖಾತ್ರಿಯಿಲ್ಲದ, ಸೀಟಿನಲ್ಲಿದ್ದೆ. ಪೂರ್ತಿ 5 ವರ್ಷದ ಕ್ಯಾಟಗಾರಿಕಲ್ ಸೀಟು ಸಿಕ್ಕಾಗ ಮತ್ತೆ ಮೊದಲ ವರ್ಷದಿಂದ ಶುರು ಮಾಡಿದೆ. 1 ಮತ್ತು 5 ಸೇರಿ 6. ಉಳಿದದ್ದು ಸರಿಯಾಗಿ ಒಂದೇ ವರ್ಷ. ಪ್ರಿಲಿಮಿನರಿಯಿಂದ ಬರುವ ನಮ್ಮವರು ತುಂಬಾ ಜನ ಇದ್ದಾರೆ. ಅವರು ಎರಡನೇ ವರ್ಷದಲ್ಲೇ ಈ ಕೂಡುವ ಲೆಕ್ಕ ಹಾಕಿಟ್ಟುಕೊಳ್ಳಿ. ನಾನು ನಾಲ್ಕನೇ ವರ್ಷದಲ್ಲಿ, ಅರ್ಜಿ ತುಂಬಲು ಕೂತ ರಾತ್ರಿ ಹಾಕಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅರ್ಜಿ ಹಾಕುವುದು ಸಫಾಸ್ ಎಂಬ ಒಂದೇ ಜಾಲತಾಣದ ಮೂಲಕ. ರೆಸಿಡೆನ್ಸಿಯ ನಾಲ್ಕನೇ ವರ್ಷದ ವಸಂತದಲ್ಲಿ ಕಾಗದ ಸಿದ್ಧವಿದ್ದರೆ ಒಳ್ಳೆಯದು. ಶಿಫಾರಸು ಪತ್ರಗಳು, ಪ್ರತಿ ವರ್ಷ ಬರೆಯುವ ಆಬ್‌ಸೈಟ್ ಪರೀಕ್ಷೆಯ ಅಂಕಗಳು, ಒಂದು ಪುಟದ ಸ್ವಂತ ಬರಹ. ಪತ್ರ ಬರೆಯುವವರಲ್ಲಿ ಒಬ್ಬರಾದರೂ ನಿಮ್ಮನ್ನು ಐಸಿಯುನಲ್ಲಿ ಕಂಡವರಾಗಿರಲಿ. ಥಿಯೇಟರ್‌ನಲ್ಲಿ ನಿಮ್ಮ ಕೈ ಹೊಗಳುವ ಮೂರು ಪತ್ರಗಳಿಗಿಂತ, ರಾತ್ರಿ ಮೂರಕ್ಕೆ ನೀವು ತೆಗೆದುಕೊಂಡ ಒಂದು ನಿರ್ಧಾರದ ಬಗ್ಗೆ ಬರೆದ ಪತ್ರಕ್ಕೆ ಹೆಚ್ಚು ತೂಕ. ಸಂದರ್ಶನದಲ್ಲಿ ಅದನ್ನೇ ಹಿಡಿದು ಕೇಳಿದರು.

ಸಂದರ್ಶನಗಳು ಬೇಸಿಗೆಯಲ್ಲಿ, ಎಲ್ಲವೂ ವಿಡಿಯೋದಲ್ಲಿ. ಹಾಗಾಗಿ ವಿಮಾನದ ಖರ್ಚು ಉಳಿಯಿತು, ಆದರೆ ಊರು, ಆಸ್ಪತ್ರೆ, ಜನರ ಮುಖ ಯಾವುದನ್ನೂ ಕಣ್ಣಾರೆ ಕಾಣದೆ ಒಂದು ವರ್ಷವನ್ನು ಆರಿಸಬೇಕಾಯಿತು. ಅದಕ್ಕೇ ಪ್ರಶ್ನೆ ಕೇಳುವುದರಲ್ಲಿ ನಾಚಿಕೆ ಬೇಡ. ಐಸಿಯುನಲ್ಲಿ ಕೊನೆಯ ಮಾತು ಯಾರದು, ಐಸಿಯು ತಂಡದ್ದೋ, ಆಪರೇಷನ್ ಮಾಡಿದ ಸರ್ಜನ್‌ನದೋ? ತಿಂಗಳಿಗೆ ಎಷ್ಟು ರಾತ್ರಿಪಾಳಿ? ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ಇದೆಯೇ, ಸುಟ್ಟಗಾಯದ ಘಟಕ ಇದೆಯೇ, ನ್ಯೂರೋ ಐಸಿಯುನಲ್ಲಿ ಕೆಲಸ ಸಿಗುತ್ತದೆಯೇ? ಟ್ರಾಮಾ ಕಾಲ್, ಅಂದರೆ ಗಾಯಾಳುಗಳಿಗೆ ಆಪರೇಷನ್ ಮಾಡುವ ಪಾಳಿ, ತೆಗೆದುಕೊಳ್ಳಲು ಬಿಡುತ್ತೀರಾ? ಈ ಕೊನೆಯ ಪ್ರಶ್ನೆಯನ್ನು ನಾನು ಎರಡು ಕಡೆ ಕೇಳಲಿಲ್ಲ, ಆಮೇಲೆ ಬೇಕಾದ ಜಾಗಗಳನ್ನು ಕ್ರಮವಾಗಿ ಬರೆಯುವ ರ‍್ಯಾಂಕ್ ಪಟ್ಟಿ ಮಾಡುವಾಗ ಪಶ್ಚಾತ್ತಾಪಪಟ್ಟೆ. ಇನ್ನೊಂದು ಮಾತು: ಕಳೆದ ವರ್ಷದ ಫೆಲೋನ ಜೊತೆ ಪ್ರತ್ಯೇಕವಾಗಿ ಮಾತಾಡಲು ಅವಕಾಶ ಕೇಳಿ. ನನಗೆ ನಿಜವಾದ ಮಾಹಿತಿ ಸಿಕ್ಕಿದ್ದು ಅಲ್ಲಿಂದ.

ಶರತ್ಕಾಲದಲ್ಲಿ ಮ್ಯಾಚ್ ಆಯಿತು, ಅಂದರೆ ನಮ್ಮ ಪಟ್ಟಿಯನ್ನೂ ಆಸ್ಪತ್ರೆಗಳ ಪಟ್ಟಿಯನ್ನೂ ತಾಳೆ ಹಾಕಿ ಸೀಟು ಹಂಚಿದರು. ಪಟ್ಟಿಯಲ್ಲಿ ಎರಡನೆಯದಾಗಿ ಬರೆದಿದ್ದ ಜಾಗ, ಮಿಡ್‌ವೆಸ್ಟ್‌ನ ಒಂದು ಲೆವೆಲ್ 1, ಅಂದರೆ ಅತ್ಯುನ್ನತ ದರ್ಜೆಯ, ಟ್ರಾಮಾ ಸೆಂಟರ್. ನಿಮಗೂ ಸಿಗುತ್ತದೋ ಇಲ್ಲವೋ ಎಂದು ಅತಿಯಾಗಿ ಹೆದರಬೇಡಿ. ಸರ್ಜರಿಯ ಬೇರೆ ಫೆಲೋಶಿಪ್‌ಗಳಷ್ಟು ನೂಕುನುಗ್ಗಲು ಇಲ್ಲಿಲ್ಲ, ಸೀಟುಗಳು ಪೂರ್ತಿ ತುಂಬದ ವರ್ಷಗಳೂ ಇವೆ. ಹೆದರಬೇಕಾದದ್ದು ಅದರ ಮುಂದಿನ ಕಾಗದಗಳಿಗೆ.

ಜೆ-1 ವೈದ್ಯರಿಗೆ ನಮ್ಮ ದೇಶದ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ಬೇಕು, ಸ್ಟೇಟ್‌ಮೆಂಟ್ ಆಫ್ ನೀಡ್ ಎನ್ನುತ್ತಾರೆ. ಈ ವಿಷಯದ ತಜ್ಞರು ಭಾರತಕ್ಕೆ ಬೇಕಾಗಿದ್ದಾರೆ, ಈ ವೈದ್ಯರು ತರಬೇತಿ ಮುಗಿಸಿ ಮರಳುವುದಾಗಿ ಲಿಖಿತ ಭರವಸೆ ಕೊಟ್ಟಿದ್ದಾರೆ ಎಂದು ಅದರಲ್ಲಿ ಇರುತ್ತದೆ. ರೆಸಿಡೆನ್ಸಿಗೆ ಬರುವಾಗ ಇದನ್ನು ತಂದಿದ್ದೆ. ಅದೇ ಸಾಕು ಎಂದುಕೊಂಡಿದ್ದೆ. ಸಾಲದು. ಫೆಲೋಶಿಪ್ ಬೇರೆ ವಿಷಯವಾದ್ದರಿಂದ ಹೊಸ ಪತ್ರ ಬೇಕು, ಅದರಲ್ಲಿ ವಿಷಯದ ಹೆಸರು ಫೆಲೋಶಿಪ್‌ನ ಕರಾರಿನಲ್ಲಿ ಇರುವುದಕ್ಕೆ ತಾಳೆಯಾಗಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಚ್ಚಿ ಹೇಳುತ್ತೇನೆ. ಅರ್ಜಿಯಲ್ಲಿ ವಿಷಯದ ಹೆಸರಿನ ಜಾಗದಲ್ಲಿ ನಾನು ‘ಕ್ರಿಟಿಕಲ್ ಕೇರ್ ಮೆಡಿಸಿನ್’ ಎಂದು ಬರೆದೆ. ಬಾಯಲ್ಲಿ ಎಲ್ಲರೂ ಹಾಗೇ ಹೇಳುತ್ತೇವಲ್ಲ. ಆದರೆ ಅದು ಮೆಡಿಸಿನ್‌ನವರ ಫೆಲೋಶಿಪ್‌ನ ಹೆಸರು. ಪತ್ರ ಕೈಗೆ ಬಂದ ಮೇಲೆ, ವೀಸಾ ಪ್ರಾಯೋಜಿಸುವ ಇಸಿಎಫ್‌ಎಂಜಿಗೆ ಕಳಿಸುವ ಹಿಂದಿನ ದಿನ ಕರಾರು ಪತ್ರವನ್ನು ಪಕ್ಕದಲ್ಲಿಟ್ಟು ಓದಿದಾಗ ಕಣ್ಣಿಗೆ ಬಿತ್ತು. ‘ಸರ್ಜಿಕಲ್’ ಎಂಬ ಪದ ಇರಲಿಲ್ಲ. ಮತ್ತೆ ಮೊದಲಿನಿಂದ ಅರ್ಜಿ, ಅಫಿಡವಿಟ್, ಕಾಯುವಿಕೆ. ಒಂದು ಪದಕ್ಕೆ ಏಳು ವಾರ ಹೋಯಿತು.

ಎರಡನೆಯ ತೊಡಕು ಹೆಸರಿನದು. ನಮ್ಮ ಕಡೆ ಹೆಸರಿಗೆ ಮುಂಚೆ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಕೂರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ವಿಶ್ವವಿದ್ಯಾಲಯದ ಪದವಿ ಪತ್ರದಲ್ಲೂ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು. ರೆಸಿಡೆನ್ಸಿ ಸೇರುವಾಗ ಇದನ್ನು ಹೇಗೋ ದಾಟಿದ್ದೆ. ಫೆಲೋಶಿಪ್ ಬೇರೆ ರಾಜ್ಯದಲ್ಲಾದ್ದರಿಂದ ಅಲ್ಲಿನ ಟ್ರೇನಿಂಗ್ ಲೈಸೆನ್ಸಿಗೆ ಎಲ್ಲ ದಾಖಲೆಗಳನ್ನೂ ಹೊಸದಾಗಿ ಪರಿಶೀಲಿಸಿದರು. ಎರಡೂ ಹೆಸರು ಒಬ್ಬಳದೇ ಎಂದು ತೋರಿಸಲು ಅಫಿಡವಿಟ್ ಬೇಕಾಯಿತು, ಜೊತೆಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ನನ್ನ ಮೇಲೆ ದೂರಿಲ್ಲ ಎನ್ನುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗಿ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಬ್ಯಾಂಕು, ಲೈಸೆನ್ಸು, ಸಂಬಳದ ಚೀಟಿ ಎಲ್ಲೆಡೆ ಅದು ಹಿಂಬಾಲಿಸುತ್ತದೆ. ಇನ್ನೂ ಎಂಬಿಬಿಎಸ್ ಓದುತ್ತಿರುವವರು ಇದನ್ನು ಓದುತ್ತಿದ್ದರೆ, ಪಾಸ್‌ಪೋರ್ಟ್ ಮಾಡಿಸುವ ದಿನವೇ ಈ ಖಾನೆ ತುಂಬಿ.

ಊರಿನ ಕಾಗದಗಳಿಗೆಲ್ಲ ಓಡಾಡಿದವರು ಅಪ್ಪ. ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು, ಎಪ್ಪತ್ತೆರಡು ವರ್ಷ. ಹಾವೇರಿಯ ಕೋರ್ಟ್ ಹತ್ತಿರ ನೋಟರಿ, ಅಲ್ಲಿಂದ ಜೆರಾಕ್ಸ್, ಅಲ್ಲಿಂದ ಕೊರಿಯರ್. ಎರಡು ಸಲ ಬಸ್ಸಿನಲ್ಲಿ ಬೆಂಗಳೂರಿಗೂ ಹೋಗಿ ಬಂದರು. ವಿಷಯದ ಹೆಸರು ತಪ್ಪಿದ್ದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆತು ಬಿಡವಾ, ನಾಳೆ ಮತ್ತ ಹೊಕ್ಕೀನಿ. ಈ ಸಲ ಅಕ್ಷರಾ ಒಂದೊಂದು ಹೇಳು, ನಾ ಬರಕೋತೀನಿ” ಅಂದರು. ಶಾಲೆಯಲ್ಲಿ ಉಕ್ತಲೇಖನ ಬರೆಸಿದ ಹಾಗೆ ನಾನು ಹೇಳಿದೆ, ಅವರು ಬರೆದುಕೊಂಡರು.

ಆ ಭರವಸೆಯ ಕಾಗದಕ್ಕೆ ಸಹಿ ಹಾಕುವಾಗ ಕೈ ತಡೆಯಿತು ಎಂಬುದನ್ನೂ ಹೇಳಬೇಕು. ಮರಳುತ್ತೇನೆ ಎಂದು ಬರೆದುಕೊಡುವುದು ಸಣ್ಣ ಮಾತಲ್ಲ. ಜೆ-1 ಮುಗಿದ ಮೇಲೆ 2 ವರ್ಷ ತಾಯ್ನಾಡಿನಲ್ಲಿರಬೇಕು, ಇಲ್ಲವಾದರೆ ಕಾನೂನು ಪ್ರಕಾರ ವಿನಾಯಿತಿ ಪಡೆಯಬೇಕು. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಸಂಸಾರವಿರುವವರಿಗೆ ಒಂದು ಎಚ್ಚರಿಕೆ. ಜೆ-2ರಲ್ಲಿ, ಅಂದರೆ ಅವಲಂಬಿತರ ವೀಸಾದಲ್ಲಿ, ಇರುವ ಗಂಡ ಅಥವಾ ಹೆಂಡತಿಯ ಕೆಲಸದ ಪರವಾನಗಿ ನಿಮ್ಮ ಜೆ-1 ಅವಧಿ ನಮೂದಿಸುವ ಡಿಎಸ್-2019 ಕಾಗದದ ಅವಧಿಗೆ ಕಟ್ಟಿಕೊಂಡಿರುತ್ತದೆ. ನನ್ನ ಹೊಸ ಡಿಎಸ್-2019 ತಡವಾಗಿದ್ದರಿಂದ ನಮ್ಮ ಮನೆಯವರ ಪರವಾನಗಿಯ ನವೀಕರಣವೂ ತಡವಾಯಿತು. ಎರಡು ತಿಂಗಳು ಅವರು ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕಾಯಿತು. ಅದೇ ಎರಡು ತಿಂಗಳಲ್ಲಿ ಊರು ಬದಲಾಯಿಸುವ ಲಾರಿ, ಹೊಸ ಮನೆಯ ಮುಂಗಡ, ಮಗಳ ಡೇಕೇರ್ ಶುಲ್ಕ. ಅರ್ಜಿ, ಮ್ಯಾಚ್, ಲೈಸೆನ್ಸ್, ಸ್ಥಳಾಂತರ, ಆಮೇಲೆ ಬಂದ ಮೂರು ಬೋರ್ಡ್ ಪರೀಕ್ಷೆಗಳ ಶುಲ್ಕ ಎಲ್ಲ ಕೂಡಿಸಿದರೆ ನನ್ನ ಖರ್ಚು 12,000 ಡಾಲರ್ ದಾಟಿದೆ. ಫೆಲೋಗೆ ಸಿಗುವುದು ರೆಸಿಡೆಂಟ್ ಸಂಬಳಕ್ಕಿಂತ ಅಷ್ಟಿಷ್ಟು ಹೆಚ್ಚು, ಅಷ್ಟೇ. ಐದನೇ ವರ್ಷ ಶುರುವಾದಾಗಿನಿಂದಲೇ ತಿಂಗಳು ತಿಂಗಳು ಎತ್ತಿಡಿ.

ರೆಸಿಡೆನ್ಸಿ ಮುಗಿದದ್ದು ಜೂನ್ 30. ಫೆಲೋಶಿಪ್ ಶುರುವಾದದ್ದು ಜುಲೈ 1, ಇನ್ನೊಂದು ರಾಜ್ಯದಲ್ಲಿ. ನಡುವೆ ಉಸಿರಾಡಲು ಒಂದು ದಿನವಿಲ್ಲ. ಕೆಲವು ಕಡೆ ಆಗಸ್ಟ್ 1ಕ್ಕೆ ಶುರು ಮಾಡುತ್ತಾರೆ. ಆಗ ಒಂದು ತಿಂಗಳ ಸಂಬಳ, ವಿಮೆ ಇರುವುದಿಲ್ಲ, ಆದರೆ ಅದೇ ಜುಲೈನಲ್ಲಿ ಬರುವ ಜನರಲ್ ಸರ್ಜರಿ ಬೋರ್ಡ್‌ನ ಲಿಖಿತ ಪರೀಕ್ಷೆಗೆ ಓದಲು ಸಮಯ ಸಿಗುತ್ತದೆ. ನಾನು ಹಗಲು ಐಸಿಯುನಲ್ಲಿ ದುಡಿದು, ಕಟ್ಟು ಬಿಚ್ಚದ ಪೆಟ್ಟಿಗೆಗಳ ನಡುವೆ ಕೂತು ಓದಿ ಬರೆದೆ. ಪಾಸಾಯಿತು. ಆಯ್ಕೆ ಇದ್ದರೆ ಹೀಗೆ ಮಾಡಿಕೊಳ್ಳಬೇಡಿ.

ಈಗ ಒಳಗಿನ ಮಾತು.

ಐದು ವರ್ಷ ಸರ್ಜರಿ ಮಾಡಿ, ಚೀಫ್ ಆಗಿ ತಂಡ ನಡೆಸಿ ಬಂದವಳಿಗೆ ಮೊದಲ ತಿಂಗಳು ಮತ್ತೆ ಇಂಟರ್ನ್ ಆದಂತೆ ಅನಿಸಿತು. ಬೆಳಗಿನ ರೌಂಡ್ಸ್‌ನಲ್ಲಿ ಒಬ್ಬೊಬ್ಬ ರೋಗಿಯನ್ನೂ ಮಿದುಳಿನಿಂದ ಹಿಡಿದು ಅಂಗಾಂಗ ವ್ಯವಸ್ಥೆಯ ಪ್ರಕಾರ ಹೇಳಿಕೊಂಡು ಹೋಗಬೇಕು. ಕೊನೆಗೆ ‘ಫಾಸ್ಟ್ ಹಗ್’, ಬೆಲ್ಜಿಯಂನ ಐಸಿಯು ವೈದ್ಯ ವಿನ್ಸೆಂಟ್ ಅವರು 2005ರಲ್ಲಿ ಕೊಟ್ಟ, ಇಂಗ್ಲಿಷ್ ಮೊದಲಕ್ಷರಗಳ ನೆನಪಿನ ಸೂತ್ರ: ಆಹಾರ, ನೋವು, ಮಂಪರು, ರಕ್ತ ಹೆಪ್ಪುಗಟ್ಟದ ಹಾಗೆ ಔಷಧ, ತಲೆ ಎತ್ತರ, ಹೊಟ್ಟೆಹುಣ್ಣಿನ ತಡೆ, ಸಕ್ಕರೆ. ಸಣ್ಣ ವಿಷಯಗಳು ಅನ್ನಿಸುತ್ತವೆ. ಸರ್ಜನ್ ಮನಸ್ಸಿಗೆ ಇವು ಬೇಗ ಬೇಸರ ತರಿಸುತ್ತವೆ, ನನಗೂ ತರಿಸಿದವು. ಒಂಬತ್ತು ದಿನ ಚೆನ್ನಾಗಿದ್ದ ರೋಗಿಯೊಬ್ಬರ ಕಾಲಿನಲ್ಲಿ ಹೆಪ್ಪುಗಟ್ಟಿದಾಗ ಆ ಬೇಸರ ಹೋಯಿತು.

ಎರಡನೇ ವಾರದ ಒಂದು ರಾತ್ರಿ. ಪಕ್ಕೆಲುಬು ಮುರಿದ, ಶ್ವಾಸಕೋಶ ಜಜ್ಜಿದ ಹೆಂಗಸಿಗೆ ಟ್ಯೂಬ್ ಹಾಕಿ ವೆಂಟಿಲೇಟರಿನಲ್ಲಿ ಪ್ರತಿ ಉಸಿರಿಗೆ 450 ಮಿಲಿಲೀಟರ್ ಇಟ್ಟೆ. ಕೈಗೆ ರೂಢಿಯಾಗಿದ್ದ ಅಂಕಿ. ಪಾಳಿಯಲ್ಲಿದ್ದ ರೆಸ್ಪಿರೇಟರಿ ಥೆರಪಿಸ್ಟ್ ಹಿರಿಯರು. ಮೆಲ್ಲಗೆ ಕೇಳಿದರು: “ಡಾಕ್ಟರ್, ಇವರ ಎತ್ತರ ಅಳೆದಿರಾ?” ಟೇಪ್ ಅವರ ಜೇಬಿನಲ್ಲೇ ಇತ್ತು. 152 ಸೆಂಟಿಮೀಟರ್. ಆಕೆಯ ತೂಕ 80 ಕಿಲೋ ಇದ್ದರೂ ಶ್ವಾಸಕೋಶದ ಗಾತ್ರ ಎತ್ತರಕ್ಕೆ ತಕ್ಕಂತೆ ಇರುತ್ತದೆ, ಆ ಎತ್ತರಕ್ಕೆ ಲೆಕ್ಕದ ತೂಕ ಸುಮಾರು 45 ಕಿಲೋ. ಕಿಲೋಗೆ 6 ಮಿಲಿಲೀಟರ್ ಅಂದರೆ 270. ನಾನು ಇಟ್ಟದ್ದು ಕಿಲೋಗೆ 10. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡವರ ಮೇಲೆ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಆರ್ಡ್ಸ್‌ನೆಟ್ ಅಧ್ಯಯನ ನನಗೆ ಬಾಯಿಪಾಠ ಇತ್ತು: 861 ರೋಗಿಗಳು, ಕಿಲೋಗೆ 12ರ ಬದಲು 6 ಮಿಲಿಲೀಟರ್ ಕೊಟ್ಟಾಗ ಸಾವು ಸುಮಾರು 40 ಪ್ರತಿಶತದಿಂದ 31ಕ್ಕೆ ಇಳಿದದ್ದು. ಪರೀಕ್ಷೆಯಲ್ಲಿ ಬರೆದಿದ್ದೆ, ಹಾಸಿಗೆ ಪಕ್ಕದಲ್ಲಿ ಮರೆತೆ. ಕುಳ್ಳಗಿನ ಹೆಂಗಸರಲ್ಲಿ ಈ ತಪ್ಪು ಹೆಚ್ಚು ಆಗುತ್ತದೆ. ಅಂದಿನಿಂದ ನನ್ನ ಕೋಟಿನ ಜೇಬಿನಲ್ಲೂ ಒಂದು ಟೇಪ್ ಇದೆ. ರೆಸ್ಪಿರೇಟರಿ ಥೆರಪಿಸ್ಟರು, ಐಸಿಯು ಫಾರ್ಮಸಿಸ್ಟರು, ರಾತ್ರಿಪಾಳಿಯ ನರ್ಸುಗಳು, ಈ ಮೂವರ ಬಳಿ ಮೊದಲ ತಿಂಗಳಲ್ಲೇ ಹೋಗಿ, ನನಗೆ ಕಲಿಸಿ ಎಂದು ಬಾಯಿಬಿಟ್ಟು ಕೇಳಿ.

ಇನ್ನೊಂದು ರಾತ್ರಿ ಇದಕ್ಕೆ ತದ್ವಿರುದ್ಧ. ಸೊಂಟದ ಮೂಳೆ ಮುರಿದು ಬಹಳ ರಕ್ತ ಹೋಗಿದ್ದ ಯುವಕ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಸಮಸಮವಾಗಿ ಕೊಟ್ಟು ರಕ್ತಸ್ರಾವ ಹಿಡಿತಕ್ಕೆ ಬಂದಿತ್ತು. ಮಧ್ಯರಾತ್ರಿಯ ಹೊತ್ತಿಗೆ ವೆಂಟಿಲೇಟರ್ ಒತ್ತಡ ಏರತೊಡಗಿತು, ಮೂತ್ರ ಗಂಟೆಗೆ 10 ಮಿಲಿಲೀಟರಿಗೆ ಇಳಿಯಿತು. ಹೊಸದಾಗಿ ಕಲಿತ ವೆಂಟಿಲೇಟರ್ ವಿದ್ಯೆಯನ್ನೆಲ್ಲ ಹಾಕಿ ಒಂದು ಗಂಟೆ ಗುಂಡಿ ತಿರುಗಿಸಿದೆ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯಂತಿತ್ತು. ಹೊಟ್ಟೆಯೊಳಗಿನ ಒತ್ತಡ ತಿಳಿಯಲು ಮೂತ್ರಕೋಶದ ಒತ್ತಡ ಅಳೆದರೆ 28 ಮಿಲಿಮೀಟರ್ ಪಾದರಸ. ಹೊಟ್ಟೆಯೊಳಗಿನ ಒತ್ತಡ 20 ದಾಟಿ ಅಂಗಾಂಗ ಕೈಕೊಟ್ಟರೆ ಅದು ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅದಕ್ಕೆ ಕೊನೆಯ ಮದ್ದು ಚಾಕು. ಅಟೆಂಡಿಂಗ್, ಅಂದರೆ ಹೊಣೆ ಹೊತ್ತ ಹಿರಿಯ ಸರ್ಜನ್, ಮನೆಯಿಂದ ಹದಿನೈದು ನಿಮಿಷದಲ್ಲಿ ಬಂದರು. ಐಸಿಯು ಹಾಸಿಗೆಯಲ್ಲೇ ಹೊಟ್ಟೆ ತೆರೆದೆವು. ಏರುತ್ತಿದ್ದ ಒತ್ತಡ ಕಣ್ಣೆದುರೇ ಇಳಿಯಿತು, ಬೆಳಗಾಗುವ ಮುಂಚೆ ಮೂತ್ರ ಬಂತು. ಕೈ ತೊಳೆಯುವಾಗ ಅವರು ಹೇಳಿದರು: “ಐಸಿಯು ಕಲಿಯಬೇಕು ಅಂತ ನೀವು ಸರ್ಜನ್ ಆಗಿರುವುದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಡಿ. ಮೊದಲು ಹೊಟ್ಟೆ ಮುಟ್ಟಿ.” ಸರ್ಜನ್‌ಗೆ ಐಸಿಯು ತರಬೇತಿ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಆ ರಾತ್ರಿ ನೆನಪಾಗುತ್ತದೆ.

ಆದರೂ ಕೈ ತುಕ್ಕು ಹಿಡಿಯುತ್ತದೆ ಎಂಬ ಭಯ ಸುಳ್ಳಲ್ಲ. ವರ್ಷದ ಬಹುಪಾಲು ನೀವು ಥಿಯೇಟರ್‌ನಲ್ಲಿ ಇರುವುದಿಲ್ಲ. ಹಾಸಿಗೆ ಪಕ್ಕದ ಟ್ರಕಿಯಾಸ್ಟಮಿ, ಹೊಟ್ಟೆಗೆ ಆಹಾರದ ನಳಿಕೆ, ಎದೆಗೆ ಟ್ಯೂಬ್, ಬ್ರಾಂಕೋಸ್ಕೋಪಿ ಇವೆಲ್ಲ ಎಣಿಕೆಗೆ ಸಿಗದಷ್ಟು ಮಾಡುತ್ತೀರಿ. ದೊಡ್ಡ ಆಪರೇಷನ್ ಕಡಿಮೆ. ನವೆಂಬರ್ ಹೊತ್ತಿಗೆ ಮನಸ್ಸು ಕುಗ್ಗಿತ್ತು. ಜೊತೆಗೆ ಓದಿದವರು ದಿನಕ್ಕೆ ನಾಲ್ಕು ಕೇಸ್ ಮಾಡುತ್ತಿದ್ದರು. ನಮ್ಮ ಕಡೆ ತಿಂಗಳಿಗೆ ಎರಡು ಟ್ರಾಮಾ ಕಾಲ್ ತೆಗೆದುಕೊಳ್ಳಲು ಬಿಟ್ಟದ್ದು ನನ್ನನ್ನು ಉಳಿಸಿತು. ಸಂದರ್ಶನದಲ್ಲಿ ಆ ಪ್ರಶ್ನೆ ಕೇಳಿ ಎಂದು ಮೇಲೆ ಒತ್ತಿ ಹೇಳಿದ್ದು ಅದಕ್ಕೇ.

ಈ ವರ್ಷದಲ್ಲಿ ನಾನು ಕಲಿತ ಅತಿ ಕಷ್ಟದ ಕೆಲಸಕ್ಕೆ ಉಪಕರಣವೇ ಇಲ್ಲ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಇಪ್ಪತ್ತೆರಡರ ಹುಡುಗ. ಮಿದುಳಿನ ಸಾವಿನ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿದೆವು, ಕೊನೆಗೆ ತಾನಾಗಿ ಉಸಿರಾಡುತ್ತಾನೆಯೇ ಎಂದು ನೋಡುವ ಆಪ್ನಿಯಾ ಟೆಸ್ಟ್. ವೆಂಟಿಲೇಟರ್ ಬೇರ್ಪಡಿಸಿ, ಆಮ್ಲಜನಕ ಕೊಡುತ್ತಾ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 60 ದಾಟುವ ತನಕ ಎದೆಯನ್ನೇ ನೋಡುತ್ತಾ ನಿಲ್ಲಬೇಕು. ಎದೆ ಅಲುಗಲಿಲ್ಲ. ಆಮೇಲೆ ತಾಯಿಯ ಮುಂದೆ ಕೂತೆ.

ನಮ್ಮ ಕಡೆ ವೈದ್ಯರು ಹೇಳುವ ಮಾತು ನಿಮಗೆ ಗೊತ್ತು. ‘ಕೈ ಮೀರೈತ್ರಿ.’ ‘ದೇವರ ಮ್ಯಾಲೆ ಭಾರ ಹಾಕ್ರಿ.’ ಆ ಮಾತಿನಲ್ಲಿ ಕರುಣೆ ಇದೆ, ನಾನೂ ಅದನ್ನೇ ಕೇಳಿಕೊಂಡು ಬೆಳೆದವಳು. ಇಲ್ಲಿ ನಮಗೆ ಕಲಿಸಿದ್ದು ಬೇರೆ: ಮೊದಲು ಕುಳಿತುಕೊಳ್ಳಿ, ಆ ಹುಡುಗ ಎಂಥವನು ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ‘ಸತ್ತಿದ್ದಾನೆ’ ಎಂಬ ಪದವನ್ನೇ ಬಳಸಿ. ಸುತ್ತು ಬಳಸಿದರೆ, ವೆಂಟಿಲೇಟರಿನಲ್ಲಿ ಎದೆ ಏರಿಳಿಯುತ್ತಿರುವ ಮಗನನ್ನು ನೋಡುತ್ತಿರುವ ತಾಯಿಗೆ ಏನೂ ಅರ್ಥವಾಗುವುದಿಲ್ಲ. ಆ ಪದ ನನ್ನ ಗಂಟಲಿನಿಂದ ಹೊರಡಲು ಬಹಳ ಹೊತ್ತು ಹಿಡಿಯಿತು. ಹೇಳಿದ ಮೇಲೆ ಸುಮ್ಮನಿರುವುದು ಇನ್ನೂ ಕಷ್ಟ. ಅಂಗದಾನದ ಮಾತನ್ನು ನಾವು ಎತ್ತುವಂತಿಲ್ಲ. ಅದಕ್ಕೆ ಬೇರೆ ಸಂಸ್ಥೆಯ ಸಂಯೋಜಕರು ಬರುತ್ತಾರೆ. ಉಳಿಸಲು ಹೋರಾಡಿದವರೇ ಅಂಗ ಕೇಳಬಾರದು ಎಂಬ ಎಚ್ಚರ ಅದರ ಹಿಂದಿದೆ. ತಾಯಿ ಒಪ್ಪಿದರು. ಅವನನ್ನು ಥಿಯೇಟರಿಗೆ ಒಯ್ಯುವಾಗ ಐಸಿಯು ಬಾಗಿಲಿನಿಂದ ಲಿಫ್ಟಿನ ತನಕ ಎರಡೂ ಬದಿಗೆ ನರ್ಸುಗಳು, ವಾರ್ಡಿನವರು, ಕಸಗುಡಿಸುವವರು ಎಲ್ಲ ಮೌನವಾಗಿ ನಿಂತರು. ನಾನು ಆ ಸಾಲಿನಲ್ಲಿ ನಿಂತಿದ್ದೆ.

ಇದರ ನಡುವೆಯೇ ಉಳಿದ ಪರೀಕ್ಷೆಗಳು. ಜನರಲ್ ಸರ್ಜರಿ ಬೋರ್ಡ್‌ನ ಮೌಖಿಕ ಪರೀಕ್ಷೆ ಫೆಲೋಶಿಪ್ ವರ್ಷದೊಳಗೇ ಬಂತು, ಅರ್ಧರ್ಧ ಗಂಟೆಯ ಮೂರು ಸುತ್ತು, ವಿಡಿಯೋದಲ್ಲಿ. ಆ ಸರ್ಟಿಫಿಕೇಟ್ ಇಲ್ಲದೆ ಕ್ರಿಟಿಕಲ್ ಕೇರ್ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ, ಆದ್ದರಿಂದ ಇದನ್ನು ಮುಂದೂಡಬೇಡಿ. ವಸಂತದಲ್ಲಿ ಫೆಲೋಗಳಿಗೆಂದೇ ಇರುವ ಎಂಕ್ಯಾಪ್ ಎಂಬ ಪರೀಕ್ಷೆ ಬರೆದೆ. ಅಂಕ ಎಲ್ಲಿಗೂ ಲೆಕ್ಕಕ್ಕಿಲ್ಲ, ಆದರೆ ಕಿಡ್ನಿ ಮತ್ತು ಹೃದಯದ ಪಾಠಗಳಲ್ಲಿ ನಾನೆಷ್ಟು ಹಿಂದಿದ್ದೇನೆ ಎಂದು ಅದು ತೋರಿಸಿಕೊಟ್ಟಿತು. ಕೊನೆಯ ಮೂರು ತಿಂಗಳು ಅದನ್ನೇ ಓದಿದೆ.

ಎಲ್ಲರೂ ತಡ ಮಾಡುವುದು ಕೆಲಸ ಹುಡುಕುವುದರಲ್ಲಿ. ಮೇಲೆ ಹೇಳಿದ 2 ವರ್ಷದ ನಿಯಮದಿಂದ ವಿನಾಯಿತಿಗೆ ಕಾನ್ರಾಡ್ ಎಂಬ ಸರ್ಕಾರಿ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ 3 ವರ್ಷ ಪೂರ್ಣಾವಧಿ ದುಡಿಯಬೇಕು. ಹಲವು ರಾಜ್ಯಗಳು ಅಕ್ಟೋಬರ್ ತಿಂಗಳಲ್ಲಿ ಅರ್ಜಿ ತೆಗೆದುಕೊಳ್ಳಲು ಶುರು ಮಾಡುತ್ತವೆ, ಮತ್ತು ಆ ಅರ್ಜಿಯ ಜೊತೆ ಆಸ್ಪತ್ರೆಯ ಸಹಿಯಾದ ಕರಾರು ಇರಲೇಬೇಕು. ಫೆಲೋಶಿಪ್ ಒಂದೇ ವರ್ಷದ್ದು, ಜುಲೈನಲ್ಲಿ ಶುರುವಾಗುತ್ತದೆ. ಅಂದರೆ ಐಸಿಯುನ ದಾರಿ ಗೊತ್ತಾಗುವ ಮೊದಲೇ, ಮೂರು ತಿಂಗಳೊಳಗೆ ಮುಂದಿನ ಕೆಲಸದ ಕರಾರು ಕೈಯಲ್ಲಿರಬೇಕು. ಹುಡುಕಾಟ ಶುರುವಾಗಬೇಕಾದದ್ದು ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿ, ಮ್ಯಾಚ್ ಆದ ಮರುದಿನದಿಂದ. ಕೆಲವು ರಾಜ್ಯಗಳು ಕುಟುಂಬ ವೈದ್ಯರಿಗೆ ಮೊದಲ ಆದ್ಯತೆ ಕೊಡುತ್ತವೆ. ಸರ್ಜನ್‌ಗಳಿಗೆ ಜಾಗ ಕೊಟ್ಟ ಇತಿಹಾಸ ಇದೆಯೇ ಎಂದು ಮುಂಚೆಯೇ ವಿಚಾರಿಸಿ. ವಲಸೆ ವಕೀಲರನ್ನು ಆಸ್ಪತ್ರೆಯೇ ಗೊತ್ತು ಮಾಡಿದರೂ, ನಿಮ್ಮ ಕಡೆಯಿಂದ ಒಬ್ಬರಿಗೆ ದುಡ್ಡು ಕೊಟ್ಟು ಕರಾರು ಓದಿಸಿ. ನಾನು ಓದಿಸಿದೆ, ಕೆಲಸ ಬಿಟ್ಟರೆ ಕಟ್ಟಬೇಕಾದ ಮೊತ್ತದ ಒಂದು ಸಾಲು ಅದರಿಂದ ತೆಗೆಸಲು ಸಾಧ್ಯವಾಯಿತು.

ನನಗೆ ಸಿಕ್ಕಿದ್ದು ಗದ್ದೆ ಹೊಲಗಳ ನಡುವಿನ ಒಂದು ಸಣ್ಣ ಊರು. ಜೋಳದ ಹೊಲ ಕಣ್ಣಿಗೆ ಕಾಣುವಷ್ಟು ದೂರ. ಟ್ರ್ಯಾಕ್ಟರ್ ಮಗುಚಿ ಬಿದ್ದವರು, ಧಾನ್ಯದ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು ಬರುತ್ತಾರೆ. ಹನ್ನೆರಡು ಹಾಸಿಗೆಯ ಐಸಿಯು. ಇಷ್ಟು ದಿನ ಗಂಭೀರ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಬೇರೆಡೆ ಕಳಿಸುತ್ತಿದ್ದರು, ಈಗ ಕೆಲವರನ್ನು ಇಲ್ಲೇ ಉಳಿಸಿಕೊಳ್ಳುತ್ತಿದ್ದೇವೆ.

ಪರೀಕ್ಷೆ ಮುಗಿಸಿ ಬಂದ ದಿನ ಅಪ್ಪನಿಗೆ ಫೋನ್ ಮಾಡಿದೆ. ನನ್ನ ಕಾಗದಗಳ ಜೆರಾಕ್ಸ್‌ಗಳನ್ನೆಲ್ಲ ಅವರು ಒಂದು ನೀಲಿ ಫೈಲಿನಲ್ಲಿ ದಾರ ಕಟ್ಟಿ ಇಟ್ಟಿದ್ದಾರೆ, ಅಫಿಡವಿಟ್ ಕೂಡ. “ಎಲ್ಲಾ ಮುಗೀತೇನವಾ?” ಅಂದರು. ಮುಗೀತಪ್ಪಾ ಅಂದೆ. “ಈ ಫೈಲಿನ್ಯಾಗ ಮರಳಿ ಬರ್ತೀನಂತ ಎರಡ ಸಲ ಬರಕೊಟ್ಟಿ ನೋಡು. ನಾನ ಹೋಗಿ ನೋಟರಿ ಮಾಡಸೀನಿ.” ಮೂರು ವರ್ಷದ ಕರಾರಿನ ಬಗ್ಗೆ ಮತ್ತೊಮ್ಮೆ ಬಿಡಿಸಿ ಹೇಳಿದೆ. ತಾರೀಖು ಕೇಳಿದರು. ಹೇಳಿದೆ. ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿಸಿತು.